ಒಣಗಿದ ಹೊಲಿಗೆ ಮತ್ತೆ ಯಾಕೆ ಸೋರುತ್ತೆ?

"ಡಾಕ್ಟ್ರೇ, ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ ಒಂದೂವರೆ ತಿಂಗಳಾಯ್ತು. ಗಾಯ ಒಣಗಿತ್ತು. ಈಗ ಹೊಕ್ಕುಳ ಹತ್ತಿರ ಗಂಟಾಗಿ ಸೋರ್ತಿದೆ. ಬದನೆಕಾಯಿ ತಿಂದಿದ್ದಕ್ಕಾ?"

ನಾನು ಆಪರೇಷನ್ ಮಾಡುವವನಲ್ಲ, ಲ್ಯಾಬಿನಲ್ಲಿ ಕೂತು ಕೀವು ನೋಡುವವನು. ಆದರೂ ಮದುವೆ ಮನೆಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಬದನೆಕಾಯಿ ಪಾಪ, ಅದರದ್ದೇನೂ ತಪ್ಪಿಲ್ಲ.

ಮಾಮೂಲಿ ನಂಜು ಇಷ್ಟು ದಿನ ಕಾಯುವುದಿಲ್ಲ. ಸಾಮಾನ್ಯವಾಗಿ ಮೊದಲ ಒಂದೆರಡು ವಾರದಲ್ಲೇ ನೋವು, ಜ್ವರ, ದಪ್ಪ ಕೀವು ಬರುತ್ತದೆ. ಮೂರು ನಾಲ್ಕು ವಾರ ಸುಮ್ನಿದ್ದು, ಆಮೇಲೆ ಗಂಟೆದ್ದು, ತೆಳ್ಳಗೆ ಸೋರಿ, ಮುಚ್ಚಿ, ಮತ್ತೆ ಬಾಯಿ ಬಿಟ್ಟರೆ ನನ್ನ ಅನುಮಾನ ಟಿಬಿ ರೋಗಾಣುವಿನ ದಾಯಾದಿಗಳ ಮೇಲೆ. ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್, ಕೆಲೋನೆ, ಅಬ್ಸೆಸಸ್ ಅಂತ ಹೆಸರು. ಕೆಲೋನೆ 1903ರಲ್ಲಿ ಮೊದಲು ಸಿಕ್ಕಿದ್ದು ಆಮೆಯಲ್ಲಿ, ಹೆಸರೂ ಆಮೆಯದೇ.

ಇವು ಮಣ್ಣು, ನಲ್ಲಿ ನೀರಿನಲ್ಲಿ ಆರಾಮಾಗಿ ಬದುಕುತ್ತವೆ. ಕ್ಲೋರಿನ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಸಲಕರಣೆಗಳಿಗೆ ಸಂದುಗೊಂದು ಜಾಸ್ತಿ, ಬಿಚ್ಚಿ ತೊಳೆಯದಿದ್ದರೆ ರಕ್ತ ಅಲ್ಲೇ ಕೂರುತ್ತದೆ. ಸಾಲಾಗಿ ಕೇಸ್ ಇದ್ದ ದಿನ ಕೆಲವು ಕಡೆ ರೋಗಾಣು ಕೊಲ್ಲುವ ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಅದ್ದಿ ತೆಗೆಯುತ್ತಾರೆ. ಪೂರ್ತಿ ಸ್ಟೆರೈಲ್ ಆಗಬೇಕೆಂದರೆ, ಅಂದರೆ ಒಂದೂ ರೋಗಾಣು ಉಳಿಯಬಾರದೆಂದರೆ, 2% ದ್ರಾವಣದಲ್ಲಿ ಸುಮಾರು 10 ಗಂಟೆ ಮುಳುಗಿರಬೇಕು. ಇದಕ್ಕಿಂತ ನನಗೆ ಸಿಟ್ಟು ಬರಿಸುವುದು, ಆಮೇಲೆ ಸಲಕರಣೆಗೆ ಅಂಟಿದ ಆ ದ್ರಾವಣವನ್ನು ನಲ್ಲಿ ನೀರಿನಲ್ಲಿ ತೊಳೆಯುವುದು. ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೆ ಹಾಕಬಹುದಾದ ಸಲಕರಣೆ ಬಂದು ಎಷ್ಟೋ ಕಾಲವಾಯಿತು, ಅಲ್ವಾ?

ಇನ್ನು ಪತ್ತೆ ಮತ್ತು ಔಷಧಿ. ಮಾಮೂಲಿ ಕಲ್ಚರನ್ನು (ಕೀವಿನಿಂದ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಎರಡು ದಿನ ನೋಡಿ "ಏನೂ ಬೆಳೆದಿಲ್ಲ" ಎಂದು ಬರೆದುಬಿಡುತ್ತಾರೆ. ಇವು ಬೆಳೆಯಲು ವಾರ ಬೇಕಾಗಬಹುದು. ಅಷ್ಟರಲ್ಲಿ ರೋಗಿ ಎರಡು ಮೂರು ಆಂಟಿಬಯಾಟಿಕ್ ಕೋರ್ಸ್ ಮುಗಿಸಿರುತ್ತಾರೆ. ಟಿಬಿ ಗುಂಪಿನ ರೋಗಾಣುಗಳನ್ನು ತೋರಿಸುವ ಆಸಿಡ್ ಫಾಸ್ಟ್ ಬಣ್ಣ ಹಾಕಿದಾಗ ಮೈಕ್ರೋಸ್ಕೋಪಿನಲ್ಲಿ ಕೆಂಪು ಕಡ್ಡಿಗಳು ಕಾಣುತ್ತವೆ. ಆಗ ಮನೆಯವರಿಗೆ ಗಾಬರಿ: "ಟಿಬಿನಾ? ನಮ್ಮ ಮನೇಲಿ ಯಾರಿಗೂ ಇಲ್ವಲ್ಲ!" ಟಿಬಿಯೂ ಹೀಗೇ ಕೆಂಪಗೆ ಕಾಣುತ್ತದೆ, ಹಾಗಾಗಿ ರೋಗಾಣುವಿನ ಜಾತಿ ಗುರುತಿಸಲೇಬೇಕು. ಟಿಬಿಯ ಮಾಮೂಲಿ ಮಾತ್ರೆಗಳಿಗೆ ಈ ದಾಯಾದಿಗಳು ಬಗ್ಗುವುದು ಅಪರೂಪ. ಕ್ಲಾರಿಥ್ರೊಮೈಸಿನ್, ಅಮಿಕಾಸಿನ್, ಲಿನೆಜೋಲಿಡ್ ತರಹದವುಗಳಲ್ಲಿ ಯಾವುದು ಕೆಲಸ ಮಾಡುತ್ತದೆಂದು ಪರೀಕ್ಷಿಸಿ, ಎರಡಾದರೂ ಒಟ್ಟಿಗೆ ಕೊಡುತ್ತಾರೆ. ಒಂದೇ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಅಮಿಕಾಸಿನ್ ಇದ್ದರೆ ಕಿವಿ, ಕಿಡ್ನಿ ಮೇಲೆ ಕಣ್ಣಿಟ್ಟಿರಬೇಕು. ಒಟ್ಟು ನಾಲ್ಕರಿಂದ ಆರು ತಿಂಗಳು. ಎಷ್ಟೋ ಸಲ ಸೋರುವ ಜಾಗವನ್ನೇ ಸರ್ಜನ್ ಕತ್ತರಿಸಿ ತೆಗೆಯಬೇಕಾಗುತ್ತದೆ.

ಹಾಗೆ ತೆಗೆದ ಚೂರನ್ನು ಪೂರ್ತಿಯಾಗಿ, ಅದು ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿಬಿಡಬೇಡಿ ಎಂದು ನೀವೇ ಸರ್ಜನ್ ಹತ್ತಿರ ಮೊದಲು ಕೇಳಿಕೊಳ್ಳಿ. ಫಾರ್ಮಲಿನ್‌ನಲ್ಲಿ ರೋಗಾಣು ಸತ್ತುಹೋಗುತ್ತದೆ, ನಮಗೆ ಬೆಳೆಸಲು ಏನೂ ಉಳಿಯುವುದಿಲ್ಲ. ಒಂದು ತುಣುಕು ಸಲೈನ್‌ನಲ್ಲಿ ಬರಲಿ.