ಶೇಂಗಾ ಅಲರ್ಜಿಯ ಮಗ, ವಾಟರ್ ಪಾರ್ಕಿನ ಊಟ

ಗೇಟಿನಲ್ಲೇ ನನ್ನ ಮಗನ ಊಟದ ಡಬ್ಬಿ ತೆಗೆದಿಟ್ಟುಕೊಂಡರು. ಅವನಿಗೆ 6 ವರ್ಷ. ಶೇಂಗಾ ಚೂರು ಹೊಟ್ಟೆಗೆ ಹೋದರೂ ತುಟಿ ಊದಿಕೊಂಡು ಉಸಿರಾಡೋಕೆ ಕಷ್ಟ ಆಗುತ್ತದೆ. ಎರಡು ದಿನ ಮೊದಲೇ ಫೋನ್ ಮಾಡಿ ಕೇಳಿದ್ದೆ. 'ಮಗುವಿನ ಊಟ ತನ್ನಿ ಮೇಡಂ, ತೊಂದರೆ ಇಲ್ಲ' ಅಂದಿದ್ದರು. ಬೆಂಗಳೂರಿನ ಹೊರಗಿರುವ ಆ ಪಾರ್ಕಿನ ಗೇಟಿನಲ್ಲಿ ಮಾತ್ರ ಯಾರೂ ಅದನ್ನು ಒಪ್ಪಲಿಲ್ಲ. ಡಾಕ್ಟರ ಚೀಟಿ ತೋರಿಸಿದೆ. ಔಷಧಿ ಬಿಟ್ಟರು, ಅನ್ನದ ಡಬ್ಬಿ ಬಿಡಲಿಲ್ಲ. ಚೀಟಿಯಲ್ಲಿ ಔಷಧಿಯ ವಿಷಯ ಮಾತ್ರ ಇತ್ತು.

ನೀವು ಹೋಗುವುದಾದರೆ ಮನೆಯ ಊಟವೂ ಜೊತೆಗಿರಲೇಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಪಾರ್ಕಿನವರ ಒಪ್ಪಿಗೆ ಮೇಲ್‌ನಲ್ಲಿ ತರಿಸಿಕೊಳ್ಳಿ. ಫೋನಿನ ಮಾತು ನಂಬಬೇಡಿ.

ಒಳಗೆ ಮಧ್ಯಾಹ್ನ ಒಂದಕ್ಕೆ ಊಟದ ಕಡೆ ಹೋದೆವು. ಕಾಲಿಡೋಕೆ ಜಾಗ ಇಲ್ಲ. ನನಗೆ ಗದ್ದಲ ಅಂದ್ರೆ ಮೊದಲೇ ಆಗಲ್ಲ. ಅಡುಗೆಗೆ ಏನು ಹಾಕಿದ್ದಾರೆ ಅಂತ ಕೇಳೋಣ ಅಂದರೆ, ಆ ಹೊತ್ತಿನಲ್ಲಿ ಒಲೆ ಮುಂದಿನವರನ್ನು ಹೊರಗೆ ಕರೆಯುವುದೂ ಸಾಧ್ಯವಿಲ್ಲ. ಹನ್ನೊಂದೂವರೆಗೇ ಹೋಗಿ.

ನಾವು ದಾವಣಗೆರೆಯವರು. ನಮ್ಮ ಬಾಯಲ್ಲಿ ಬರೋದು ಶೇಂಗಾ. ಬೆಂಗಳೂರಲ್ಲಿ ಅದು ಕಡಲೆಕಾಯಿ, ಕಡಲೆಬೀಜ. ಸುಮ್ನೆ ಕಡಲೆ ಅಂದರೆ ಒಬ್ಬರು ಹುರಿಗಡಲೆ ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಕಡಲೆಕಾಳು. ಕೌಂಟರಿನ ಹುಡುಗನಿಗೆ ಕನ್ನಡವೇ ಬರುತ್ತಿರಲಿಲ್ಲ. 'ಮೂಂಗ್‌ಫಲಿ' ಅಂದಾಗ ಅರ್ಥವಾಯಿತು. ಆಮೇಲೆ ಆ ಹುಡುಗ ಮಾಡಿದ್ದು ನೋಡಿ ನನ್ನ ಎದೆ ಧಸಕ್ಕೆಂದಿತು. ಚಿತ್ರಾನ್ನದ ತಟ್ಟೆಯಿಂದ ಶೇಂಗಾ ಒಂದೊಂದಾಗಿ ಚಮಚದಲ್ಲಿ ಎತ್ತಿ ಹಾಕಿ, 'ಈಗ ಇಲ್ಲ, ಕೊಡಿ' ಅಂದ. ಪಾಪ, ಸಹಾಯ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದ. ಆದರೆ ಬೀಜ ತೆಗೆದರೂ ಅದರ ಪುಡಿ ಅನ್ನದಲ್ಲೇ ಇರುತ್ತದೆ ಅಲ್ವಾ?

ಅದಕ್ಕೇ ಶೇಂಗಾದ ಒಂದು ಫೋಟೊ ಮೊಬೈಲಲ್ಲಿ ಇಟ್ಟುಕೊಳ್ಳಿ. ಅಡುಗೆ ಮಾಡುವವರಿಗೇ ತೋರಿಸಿ ಕೇಳಿ. 'ಇದು ಇದೆಯಾ' ಅಂತ ಕೇಳಿದರೆ ಸಾಲದು. ಚಟ್ನಿಗೆ ಏನು ರುಬ್ಬಿದ್ದೀರಿ, ಕರಿಯೋ ಎಣ್ಣೆ ಯಾವುದು, ಅದೇ ಬಾಣಲೆಯಲ್ಲಿ ಮಸಾಲೆ ಶೇಂಗಾ ಕರಿದಿದ್ದೀರಾ, ಸೌಟು ಬೇರೆನಾ ಅಂತ ಬಿಡಿಸಿ ಕೇಳಿ. ಐಸ್‌ಕ್ರೀಮನ್ನು ಸ್ಕೂಪಲ್ಲಿ ಕೊಡಿಸಲೇಬೇಡಿ. ಒಂದೇ ಚಮಚ ಎಲ್ಲ ಡಬ್ಬದೊಳಗೂ ಹೋಗುತ್ತದೆ. ನಾವು ಕೊನೆಗೆ ಸೀಲ್ ಆದ ಬಿಸ್ಕತ್ತು ಮತ್ತು ಬಾಳೆಹಣ್ಣಿನಲ್ಲಿ ದಿನ ಕಳೆದೆವು. ಪ್ಯಾಕೆಟ್ಟಿನ ಮೇಲೆ ಶೇಂಗಾ, ಹಾಲು, ಗೋಧಿ, ಸೋಯಾ ಇದ್ದರೆ ಬರೆಯಲೇಬೇಕು ಅನ್ನುವುದು ನಮ್ಮಲ್ಲಿ ಕಾನೂನು. ಓದಿ ಕೊಳ್ಳಬಹುದು.

ಔಷಧಿಯನ್ನು ಲಾಕರಲ್ಲಿ ಬಿಡಬೇಡಿ. ನೀರಿನ ಆಟದ ಕಡೆಯಿಂದ ಲಾಕರಿಗೆ ಓಡಿ ಬರಲು ಹೊತ್ತಾಗುತ್ತದೆ. ನೀರು ಹೋಗದ ಚೀಲದಲ್ಲಿ ಹಾಕಿ, ದೊಡ್ಡವರೊಬ್ಬರು ದಡದಲ್ಲಿ ಹಿಡಿದು ಕೂರಿ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಇಡಬೇಡಿ, ಅಡ್ರಿನಲಿನ್ ಇಂಜೆಕ್ಷನ್ ಸೆಖೆಗೆ ಕೆಡುತ್ತದೆ. ಉಸಿರು ಕಟ್ಟುವಂಥ ಅಲರ್ಜಿಗೆ ಅದೇ ಮುಖ್ಯ ಔಷಧಿ. ಅಲರ್ಜಿ ಸಿರಪ್ ನಂಬಿ ಕಾಯಬೇಡಿ. ಇಂಜೆಕ್ಷನ್ ಯಾವಾಗ, ಎಷ್ಟು, ಹೇಗೆ ಕೊಡಬೇಕು ಅಂತ ಹೊರಡುವ ಮೊದಲೇ ಡಾಕ್ಟರ ಹತ್ತಿರ ಕಲಿತಿರಿ. ಕೊಟ್ಟ ಮೇಲೆ ಮಗು ಹುಷಾರಾದ ಹಾಗೆ ಕಂಡರೂ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ, ಮತ್ತೆ ಮರುಕಳಿಸಬಹುದು.

ಇಡೀ ಪ್ರವಾಸದಲ್ಲಿ ಮಗ ಹೊಟ್ಟೆ ತುಂಬ ತಿಂದದ್ದು ಮಾರನೇ ದಿನ, ತುಮಕೂರಿನ ಹತ್ತಿರ ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿಯ ಸಣ್ಣ ಹೋಟೆಲ್, ಐದೇ ಮೇಜು. ಇಡ್ಲಿ ಹತ್ತಿಯ ಹಾಗೆ ಮೆತ್ತಗೆ, ಮೇಲೆ ಬೆಣ್ಣೆ. ನಾನು ಫೋಟೊ ತೋರಿಸುತ್ತಿದ್ದ ಹಾಗೇ ಒಳಗಿನ ಅಜ್ಜಿ, 'ಬಾರಮ್ಮ, ನೀನೇ ನೋಡು' ಅಂತ ಅಡುಗೆಮನೆಗೆ ಕರೆದರು. ಚಟ್ನಿಗೆ ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಅಷ್ಟೇ. ಶೇಂಗಾ ಆ ಮನೆಯೊಳಗೇ ತರುವುದಿಲ್ಲವಂತೆ. ಎಣ್ಣೆಯ ಪ್ಯಾಕೆಟ್ಟನ್ನೂ ತಂದು ತೋರಿಸಿದರು, ಸೂರ್ಯಕಾಂತಿ. ಮಗನಿಗೆ ಬೇರೆ ತಟ್ಟೆ ತೊಳೆದು ಕೊಟ್ಟರು. ಮೂವರಿಗೆ 150 ರೂಪಾಯಿ ದಾಟಲಿಲ್ಲ. ಅವನು ಮೂರು ಇಡ್ಲಿ ತಿಂದ. ಬೆಳಗ್ಗೆ ಎಂಟರೊಳಗೆ ಹೋದರೆ ಜನ ಕಡಿಮೆ, ನಿಧಾನವಾಗಿ ಕೇಳಿ ತಿನ್ನಬಹುದು.