ಅಂಗಡಿ ತುಂಬಾ ಜನ, ಗಲ್ಲಾ ಖಾಲಿ

ಶನಿವಾರ ಸಂಜೆ ಐದಕ್ಕೆ ನಮ್ಮ ಕಟ್ಟಡದ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಅವರು ಬರಲೇಬಾರದಿದ್ದ ಹೊತ್ತು ಅದು. ಮೈಸೂರಿನ ಕುವೆಂಪುನಗರದಲ್ಲಿ, ಮೊದಲ ಮಹಡಿಯಲ್ಲಿ, ನಮ್ಮದು ಬೋರ್ಡ್ ಗೇಮ್ ಅಂಗಡಿ. ಎಂಟು ಮೇಜು. ಎಂಟೂ ತುಂಬಿದ್ದವು. ಜಾಗ ಸಿಗದ ಇಬ್ಬರು ಹುಡುಗರು ಬಾಗಿಲ ಬಳಿ ಚಾಪೆ ಹಾಸಿ ಚೌಕಾಬಾರ ಆಡುತ್ತಿದ್ದರು. ಹಿಂದಿನ ಶನಿವಾರವಷ್ಟೇ ನಾನು "ವ್ಯಾಪಾರ ಇಲ್ಲ ಸಾರ್, ಬಾಡಿಗೆಗೆ ಹತ್ತು ದಿನ ಟೈಮ್ ಕೊಡಿ" ಅಂದಿದ್ದೆ.

ಅವರು ಮೇಜುಗಳನ್ನೆಲ್ಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ವ್ಯಾಪಾರ ಇಲ್ಲ ಅಂದ್ಯಲ್ಲಪ್ಪಾ?"

ಸುಳ್ಳು ಹೇಳಿರಲಿಲ್ಲ. ಅವತ್ತು ಮಾರಿದ್ದು ಒಂದು ಇಸ್ಪೀಟು ಕಟ್ಟು, ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರು ಎರಡು ಪ್ಯಾಕೆಟ್ಟು. ಆಟ ಇಷ್ಟವಾದರೆ ಜನ ಡಬ್ಬಿ ತಿರುಗಿಸಿ ಬೆಲೆ ನೋಡುತ್ತಾರೆ, ಫೋನ್ ತೆಗೆಯುತ್ತಾರೆ. ಅಲ್ಲಿ ಇನ್ನೂರು ಮುನ್ನೂರು ಕಡಿಮೆ. ತಪ್ಪು ಅನ್ನಲಾರೆ, ಅಂಗಡಿಯ ಫ್ಯಾನನ್ನು ನಾನೂ ಹಾಗೇ ತರಿಸಿದ್ದು.

ಹಾಗಾಗಿ ನಮ್ಮ ಸಂಪಾದನೆ ಏನಿದ್ದರೂ ಕೂತು ಆಡುವವರಿಂದ. ತಲೆಗೆ, ಗಂಟೆಗೆ 40 ರೂಪಾಯಿ. ಇಲ್ಲೇ ನಾನು ಎಡವಿದ್ದು.

ಅಂಗಡಿ ಶುರುವಾಗಿದ್ದು ಚೀಟಿ ಎತ್ತಿದ ಮೂರು ಲಕ್ಷದಲ್ಲಿ. ಹತ್ತು ತಿಂಗಳ ಅಡ್ವಾನ್ಸ್ ಅಂತ 1,80,000 ಇದೇ ಮಾಲೀಕರಿಗೆ ಹೋಯಿತು. ಉಳಿದದ್ದು ಮೇಜು, ಕುರ್ಚಿ, ಡಬ್ಬಿಗಳಿಗೆ. ಕೈ ಬರಿದಾದಾಗ ಖಾಯಂ ಬರುವವರೇ ಒಂದು ದಾರಿ ಹೇಳಿದರು: 2,000 ಕೊಟ್ಟರೆ ವರ್ಷವಿಡೀ ಆಡುವ ಪಾಸ್. ಇಪ್ಪತ್ತು ಜನ ಕೊಟ್ಟರು. ನಲವತ್ತು ಸಾವಿರ! ಎರಡು ತಿಂಗಳ ಬಾಡಿಗೆ ಕಟ್ಟಿದೆ, ಎರಡು ಹೊಸ ಆಟ ತರಿಸಿದೆ, ಮುಗಿಯಿತು. ಉಳಿದ ಹತ್ತು ತಿಂಗಳು ಅವರು ಬರುತ್ತಲೇ ಇದ್ದರು. ಬರಬೇಕಾದ್ದೇ, ದುಡ್ಡು ಕೊಟ್ಟಿದ್ದಾರಲ್ಲ. ಅದು ಸಾಲ ಅಂತ ನನಗೆ ಹೊಳೆದಿದ್ದೇ ತಡವಾಗಿ. ಅವತ್ತಿನ ಎಂಟು ಮೇಜಿನಲ್ಲಿ ಐದು ಪಾಸಿನವರದ್ದು.

ಈ ಊರಿನಲ್ಲಿ ಒಂದು ಕಾಲಕ್ಕೆ ಆಟಗಳಿಗೆ ರಾಜಾಶ್ರಯವೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟಗಳನ್ನೇ ಕಟ್ಟಿದವರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಪಟಗಳ ಚಿತ್ರಗಳಿವೆ. ನನಗಿರುವುದು ಮಾಲೀಕರ ಆಶ್ರಯ. ಅದೂ ಐದನೇ ತಾರೀಖಿನವರೆಗೆ.

ಇದನ್ನೆಲ್ಲ ಹೇಗೆ ವಿವರಿಸುವುದು ಅಂತ ತಡವರಿಸುತ್ತಿರುವಾಗ ಕಿಟಕಿ ಪಕ್ಕದ ಮೇಜಿನಿಂದ ಒಬ್ಬ ಹುಡುಗಿ ಕೂಗಿದಳು. "ಅಂಕಲ್, ಒಬ್ಬರು ಕಡಿಮೆ ಇದೀವಿ. ಬನ್ನಿ."

ಕ್ಯಾಟಾನ್. 1995ರಲ್ಲಿ ಜರ್ಮನಿಯ ಕ್ಲೌಸ್ ಟಾಯ್ಬರ್ ತಂದ ಆಟ. ಆತ ಹಲ್ಲು ಮಾಡಿಕೊಡುವ ಲ್ಯಾಬ್ ನಡೆಸುತ್ತಿದ್ದವರು. ಆಟ ಅಷ್ಟೊಂದು ಹೆಸರು ಮಾಡಿದ ಮೇಲೂ ಕೆಲವು ವರ್ಷ ಹಲ್ಲಿನ ಕೆಲಸ ಬಿಡಲಿಲ್ಲ. ಬುದ್ಧಿವಂತರು.

ಮಾಲೀಕರು ಚಪ್ಪಲಿ ಬಿಟ್ಟು ಕೂತರು. ಹುಡುಗಿ ಹೇಳಿಕೊಟ್ಟಳು: ಇಟ್ಟಿಗೆ, ಮರ, ಉಣ್ಣೆ, ಧಾನ್ಯ ಸೇರಿಸಿ ಮನೆ ಕಟ್ಟಬೇಕು. ದಾಳದಲ್ಲಿ ಪಕ್ಕದ ಜಾಗದ ನಂಬರ್ ಬಿದ್ದಾಗಲೆಲ್ಲ ನಿಮಗೆ ಸಾಮಾನು ಬರುತ್ತದೆ, ಯಾರ ಸರದಿಯಾದರೂ ಸರಿ.

"ಅಂದ್ರೆ ಕೂತಲ್ಲೇ ಬಾಡಿಗೆ ಬಂದ ಹಾಗೆ" ಅಂದರು ಮಾಲೀಕರು. ನಾನು ಈ ಆಟವನ್ನು ನೂರಾರು ಜನಕ್ಕೆ ಹೇಳಿಕೊಟ್ಟಿದ್ದೇನೆ, ಇಷ್ಟು ಬೇಗ ಹಿಡಿದವರನ್ನು ನೋಡಿಲ್ಲ. ಒಂದು ಇಟ್ಟಿಗೆಗೆ ಎರಡು ಉಣ್ಣೆ ಕೇಳಿದರು. ದಾಳದಲ್ಲಿ ಏಳು ಬಿದ್ದಾಗ, ಕೊಡಲ್ಲ ಅಂದವಳ ಗದ್ದೆ ಮೇಲೆ ಸಾಮಾನು ಬರದಂತೆ ತಡೆಯುವ ಕಳ್ಳನ ಕಾಯಿ ತಂದು ಕೂರಿಸಿದರು. ಮೊದಲ ಆಟ ಸೋತರು. ಇನ್ನೊಂದು ಆಡೋಣ ಅಂದರು. ಅದನ್ನು ಗೆದ್ದರು.

ಏಳೂವರೆಗೆ ಎದ್ದು ಗಲ್ಲಾ ಹತ್ತಿರ ಬಂದರು. ಗೋಡೆಯ ಮೇಲಿನ ದರಪಟ್ಟಿ ಓದಿದರು. "ಎರಡೂವರೆ ಗಂಟೆ, ಅಲ್ವಾ? ನೂರು" ಅಂತ ನೋಟು ಇಟ್ಟರು.

"ಬೇಡ ಸಾರ್, ನೀವು..."

"ನನ್ನ ಹತ್ರ ಪಾಸ್ ಇಲ್ಲವಲ್ಲಪ್ಪಾ."

ನನ್ನ ಲೆಕ್ಕ ಅವರಿಗೆ ಯಾರು ಹೇಳಿದರೋ, ಆ ಹುಡುಗಿಯೇ ಇರಬೇಕು. ಮೆಟ್ಟಿಲ ಬಳಿ ಹೋಗಿ ತಿರುಗಿದರು.

"ಹತ್ತು ದಿನ ಅಂದಿದ್ದೆ. ಮಂಗಳವಾರಕ್ಕೆ ಆಗುತ್ತೆ. ಮರೀಬೇಡ."