ಬಾಗೇಪಲ್ಲಿ ಕಡೆಯ ಬೋರ್ ನೀರಿಗೆ ಅಲ್ಯೂಮಿನಾ ಫಿಲ್ಟರ್: ಕೆಲಸ ಎಲ್ಲಿಗೆ ಬಂದಿದೆ

ಕರೆಂಟ್ ಬೇಡ, ಸಾಮಾನು ಹೆಚ್ಚುಕಮ್ಮಿ ಎಲ್ಲವೂ ತಾಲ್ಲೂಕಿನ ಪೈಪ್ ಅಂಗಡಿಯಲ್ಲೇ ಸಿಗಬೇಕು, ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ನೀರು ಸಾಲಬೇಕು. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಬೋರ್ ನೀರಿನಿಂದ ತೆಗೆಯುವ, ಈ ಮೂರು ಷರತ್ತಿಗೂ ಒಗ್ಗುವ ಫಿಲ್ಟರ್ ಮಾಡುವುದು ನಮ್ಮ ಕೆಲಸ. ಅದರೊಳಗೆ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವುದು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಸಣ್ಣ ಕಾಳು. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುವ ಊರಿಗೆ ಇದರ ಅಗತ್ಯ ಕಡಿಮೆ. ಘಟಕ ಕೆಟ್ಟು ನಿಂತಿರುವ ಕಡೆ, ತೋಟದ ಮನೆಗಳಲ್ಲಿ, ಕುಡಿಯಲು ಮಾತ್ರ ಕ್ಯಾನ್ ನೀರು ತಂದು ಅಡುಗೆಗೆ ಬೋರ್ ನೀರನ್ನೇ ಬಳಸುವ ಮನೆಗಳಲ್ಲಿ ಇದು ಬೇಕಾಗುತ್ತದೆ. ಮುದ್ದೆ, ಅನ್ನ, ಸಾರು ಎಲ್ಲವೂ ನೀರು ಹೀರಿಕೊಳ್ಳುವ ಅಡುಗೆಗಳು. ಕುಡಿಯುವ ನೀರು ಬದಲಾಯಿಸಿ ಮುದ್ದೆಯ ಎಸರಿಗೆ ಬೋರ್ ನೀರು ಇಟ್ಟರೆ ಫ್ಲೋರೈಡಿನ ದೊಡ್ಡ ಪಾಲು ತಟ್ಟೆಯ ಮೂಲಕ ಬರುತ್ತಲೇ ಇರುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ.

ಆರ್ಸೆನಿಕ್ ಬಗ್ಗೆ ಕೇಳುವವರು ಬಹಳ. ಕರ್ನಾಟಕದಲ್ಲಿ ಅದರ ತೊಂದರೆ ಕಂಡಿರುವುದು ಮುಖ್ಯವಾಗಿ ರಾಯಚೂರು, ಯಾದಗಿರಿ ಕಡೆಯ ಚಿನ್ನದ ಪಟ್ಟಿಯ ಶಿಲೆಗಳಲ್ಲಿ. ಅಂಗೈ ಅಂಗಾಲು ಗಡಸಾಗುವುದು, ಮೈಮೇಲೆ ಮಳೆಹನಿ ಬಿದ್ದಂಥ ಕಪ್ಪು ಮಚ್ಚೆ, ವರ್ಷಗಳ ಮೇಲೆ ಕ್ಯಾನ್ಸರ್, ಇವು ಅಲ್ಲಿನ ಕಥೆ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ, ಮುಳಬಾಗಿಲು ಕಡೆಯ ಗ್ರಾನೈಟ್ ಮತ್ತು ನೈಸ್ ಶಿಲೆಯಲ್ಲಿ ಕಾಡುವುದು ಫ್ಲೋರೈಡ್. ಸೋಡಿಯಂ, ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇರುವ ನೀರು ಕಲ್ಲಿನ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡನ್ನು ಬಿಡಿಸಿಕೊಳ್ಳುತ್ತದೆ. ಸಾವಿರ ಅಡಿಗೆ ಇಳಿದ ಬೋರ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಅಂಥ ಹಳೇ ನೀರೇ.

ಫೆಬ್ರವರಿ: ಅಳತೆ

ಭಾರತೀಯ ಮಾನಕ 10500ರ (2012) ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನಾವು ಹಿಡಿದಿರುವ ಗೆರೆ 1.0. ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು ಕುಡಿಯುವ ನೀರು ಜಾಸ್ತಿ, ಆದ್ದರಿಂದ 1.5 ಅನ್ನುವುದು ಇಲ್ಲಿಗೆ ಸಡಿಲವಾಯಿತು.

ಆಯ್ದುಕೊಂಡ ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 3.2 ಮಿಲಿಗ್ರಾಂ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 8.1. ಅಳೆದದ್ದು ಫ್ಲೋರೈಡ್ ಎಲೆಕ್ಟ್ರೋಡಿನಲ್ಲಿ, ಅಂದರೆ ನೀರಿಗೆ ಅದ್ದಿದರೆ ಫ್ಲೋರೈಡಿಗೆ ತಕ್ಕಂತೆ ಮೀಟರಿನಲ್ಲಿ ಮಿಲಿವೋಲ್ಟ್ ತೋರಿಸುವ ಕಡ್ಡಿಯಲ್ಲಿ. ಒಣಗಿಸಿದ ಸೋಡಿಯಂ ಫ್ಲೋರೈಡ್ 0.221 ಗ್ರಾಂ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಹಾಕಿದರೆ 100 ಮಿಲಿಗ್ರಾಂನ ತಾಯಿದ್ರಾವಣ. ಅದರಿಂದ 1 ಮತ್ತು 10ರ ದ್ರಾವಣ ಮಾಡಿಕೊಂಡು, ಪ್ರತಿಯೊಂದಕ್ಕೂ ಸಮಪ್ರಮಾಣದಲ್ಲಿ ಟಿಸ್ಯಾಬ್ ಬಫರ್ (ಪಿಎಚ್ ಒಂದೇ ಮಟ್ಟದಲ್ಲಿಡುವ ದ್ರಾವಣ) ಸೇರಿಸಬೇಕು. 1ರಿಂದ 10ಕ್ಕೆ ಹೋದಾಗ ಮೀಟರಿನಲ್ಲಿ 54ರಿಂದ 60 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ಬರದಿದ್ದರೆ ಅವತ್ತಿನ ಯಾವ ಅಂಕಿಯನ್ನೂ ನಂಬಬೇಡಿ. ಸ್ಯಾಂಪಲ್ಲಿಗೂ ಬೀಕರಿಗೂ ಪ್ಲಾಸ್ಟಿಕ್ಕೇ ಬೇಕು, ಫ್ಲೋರೈಡ್ ಗಾಜಿನ ಜೊತೆ ವ್ಯವಹಾರ ಮಾಡುತ್ತದೆ. ಬಿಸಿಲಲ್ಲಿ ಕಾದ ಬಾಟಲಿಯನ್ನು ತಂಪು ದ್ರಾವಣದ ಜೊತೆ ಹೋಲಿಸಿದರೂ ಲೆಕ್ಕ ತಪ್ಪುತ್ತದೆ. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಗಂಟೆ ಹೊತ್ತು ಇಟ್ಟು ಅಳೆಯಬೇಕು.

ಬಣ್ಣ ನೋಡುವ ಕಿಟ್‌ಗಳು ಬೋರ್‌ಗಳನ್ನು ಜರಡಿ ಹಿಡಿಯಲು ಸಾಕು. ಫಿಲ್ಟರ್ ನೀರಿಗೆ ಮಾತ್ರ ಅವನ್ನು ನೆಚ್ಚಬಾರದು. ಅಲ್ಯೂಮಿನಾದಿಂದ ಚೂರು ಅಲ್ಯೂಮಿನಿಯಂ ನೀರಿಗೆ ಬಂದಿದ್ದರೆ ಅದು ಫ್ಲೋರೈಡನ್ನು ಕಟ್ಟಿಹಾಕಿಕೊಂಡು ಕಿಟ್ಟಿನ ಕಣ್ಣಿಗೆ ಬೀಳದಂತೆ ಮಾಡುತ್ತದೆ. ನೀರು ಚೆನ್ನಾಗಿದೆ ಎಂದು ಬಣ್ಣ ಹೇಳುತ್ತದೆ, ಇರುವುದು ಬೇರೆ. ಎಲೆಕ್ಟ್ರೋಡಿಗೂ ಇದೇ ಅಪಾಯವಿದೆ, ಟಿಸ್ಯಾಬ್ ಸರಿಯಾಗಿ ಹಾಕಿದ್ದರೆ ಅದು ಆ ಕಟ್ಟನ್ನು ಬಿಡಿಸುತ್ತದೆ.

ಮಾರ್ಚ್: ಕಾಲಂ

ಅಲ್ಯೂಮಿನಾ ಒಂದನ್ನು ಮಾತ್ರ ಬೆಂಗಳೂರಿನಿಂದ ತರಿಸಬೇಕಾಯಿತು. ಫ್ಲೋರೈಡಿಗೆಂದೇ ಮಾಡಿದ ಆಕ್ಟಿವೇಟೆಡ್ ಅಲ್ಯೂಮಿನಾ, ಕಾಳಿನ ಗಾತ್ರ 0.4ರಿಂದ 1.2 ಮಿಲಿಮೀಟರ್. ತೇವ ಹೀರಲು ಬಳಸುವ ಕಡಲೆಗಾತ್ರದ ಗುಂಡುಗಳನ್ನು ಕೊಡಲು ಬಂದರೆ ಬೇಡ ಅನ್ನಿ. ಒಂದು ಮನೆಗೆ 3 ಕೆಜಿ, ಅಂದರೆ ಸುಮಾರು 3.6 ಲೀಟರ್ ಹಾಸು (ನೀರು ಹಾದುಹೋಗುವ ಅಲ್ಯೂಮಿನಾ ಪದರ).

ಇದನ್ನು 20 ಲೀಟರ್ ಬಕೆಟ್ಟಿಗೆ ಸುರಿದರೆ ಹಾಸಿನ ಎತ್ತರ ಆರೇಳು ಸೆಂಟಿಮೀಟರ್ ಆಗುತ್ತದೆ ಅಷ್ಟೆ. ನೀರು ಒಂದು ಮೂಲೆಯಲ್ಲಿ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ, ಉಳಿದ ಅಲ್ಯೂಮಿನಾ ಸುಮ್ಮನೆ ಕೂತಿರುತ್ತದೆ. ಆದ್ದರಿಂದ 160 ಮಿಲಿಮೀಟರಿನ ನೀರಾವರಿ ಪಿವಿಸಿ ಪೈಪು, ಒಂದು ಮೀಟರ್ ತುಂಡು, ಕೆಳಗೆ ಎಂಡ್ ಕ್ಯಾಪ್. ನೆಟ್ಟಗೆ ನಿಲ್ಲಿಸಿದ ಈ ಪೈಪೇ ಕಾಲಂ. ಐಎಸ್ 4985 ಗುರುತು ಇರುವ ಪೈಪೇ ಬೇಕು. ಚರಂಡಿಗೆ ಹಾಕುವ ತೆಳು ಪೈಪು ಕುಡಿಯುವ ನೀರಿಗಲ್ಲ. ಇದರೊಳಗೆ ಕೆಳಗೆ 5 ಸೆಂಟಿಮೀಟರ್ ತೊಳೆದ ಬಿಳಿಕಲ್ಲಿನ ಜಲ್ಲಿ, ಅದರ ಮೇಲೆ ನೈಲಾನ್ ಜಾಲರಿ, ಮೇಲೆ ಅಲ್ಯೂಮಿನಾ 20 ಸೆಂಟಿಮೀಟರ್, ಅದರ ಮೇಲೆ ತೂತು ಕೊರೆದ ಸ್ಟೀಲ್ ತಟ್ಟೆ. ಈ ತಟ್ಟೆ ಇಲ್ಲದಿದ್ದರೆ ಬಿಂದಿಗೆಯಿಂದ ಸುರಿದ ನೀರು ಹಾಸನ್ನು ಗುಂಡಿ ತೋಡುತ್ತದೆ, ಗುಂಡಿ ಬಿದ್ದ ಕಡೆಯೇ ನೀರು ನುಗ್ಗುತ್ತದೆ. ತಟ್ಟೆ ಕೂರಿಸದ ಕಾಲಮ್ಮಿನ ನೀರು ಉಳಿದವುಗಳಿಗಿಂತ ಬಹಳ ಮುಂಚೆಯೇ 1.0 ದಾಟಿತು.

ನಿಧಾನವಾಗಿ ಇಳಿಸುವುದೇ ಇಲ್ಲಿ ಕಷ್ಟದ ಭಾಗ. ಗಂಟೆಗೆ 10 ಲೀಟರ್ ಮೀರಬಾರದು, ಆಗ ನೀರಿಗೆ ಹಾಸಿನ ಜೊತೆ 20 ನಿಮಿಷವಾದರೂ ಸಿಗುತ್ತದೆ. ನಲ್ಲಿ ಇಟ್ಟರೆ ಅವಸರದಲ್ಲಿ ಯಾರಾದರೂ ಪೂರ್ತಿ ತಿರುಗಿಸಿಯೇ ತಿರುಗಿಸುತ್ತಾರೆ. ಟೊಮೆಟೊ, ದ್ರಾಕ್ಷಿ ಬೆಳೆಯುವ ಈ ಸೀಮೆಯಲ್ಲಿ ಡ್ರಿಪ್ ಸಾಮಾನು ಸಿಗದ ಅಂಗಡಿಯಿಲ್ಲ. ಗಂಟೆಗೆ 8 ಲೀಟರಿನ ಮಾಮೂಲಿ ಡ್ರಿಪ್ಪರ್ ಐದು, 16 ಎಂಎಂ ಡ್ರಿಪ್ ಪೈಪಿನ (ಲ್ಯಾಟರಲ್) ತುಂಡಿಗೆ ಚುಚ್ಚಿದೆವು. 8 ಲೀಟರ್ ಅನ್ನುವುದು ಹತ್ತು ಮೀಟರ್ ಒತ್ತಡದ ಲೆಕ್ಕ. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ ಒಂದು ಬಿಂದಿಗೆ ಸುರಿದಾಗ ನಿಲ್ಲುವ 57 ಸೆಂಟಿಮೀಟರ್ ನೀರಿನ ಕೆಳಗೆ ಒಂದೊಂದೂ ಬಿಡುವುದು ಗಂಟೆಗೆ 1.9 ಲೀಟರ್, ಐದೂ ಸೇರಿ ಒಂಬತ್ತೂವರೆ. ನೀರು ಇಳಿಯುತ್ತಾ ಹೋದಂತೆ ಇನ್ನೂ ನಿಧಾನ. ಸುಮಾರು 10 ಲೀಟರಿನ ಒಂದು ಬಿಂದಿಗೆ ಇಳಿಯಲು ಎರಡು ಗಂಟೆ ದಾಟುತ್ತದೆ. ಒತ್ತಡ ಏರಿಳಿದರೂ ಒಂದೇ ಹರಿವು ಕೊಡುವಂತೆ ಮಾಡಿದ ಪಿಸಿ ಡ್ರಿಪ್ಪರ್ ತರಬೇಡಿ, ಅಷ್ಟು ಕಡಿಮೆ ಒತ್ತಡದಲ್ಲಿ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ.

ನೀರು ಹೊರಬರುವ ಪೈಪು ಕ್ಯಾಪಿನಿಂದ ಹೊರಟು ಹೊರಗಡೆ ಮೇಲೇರಿ, 28 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಹಾಸಿನ ತಲೆಗಿಂತ ಸ್ವಲ್ಪ ಮೇಲೆ, ಡ್ರಿಪ್ಪರ್‌ಗಳಿಗೆ ಸೇರುತ್ತದೆ. ಹಾಗಾಗಿ ಬಿಂದಿಗೆ ಹಾಕಲು ಮರೆತರೂ ಹಾಸು ಒಣಗುವುದಿಲ್ಲ. ಒಣಗಿದ ಹಾಸಿನಲ್ಲಿ ಗಾಳಿ ಸಿಕ್ಕಿಕೊಂಡು ಮತ್ತೆ ದಾರಿ ಬೀಳುತ್ತದೆ.

ಅಲ್ಯೂಮಿನಾವನ್ನು ಅಕ್ಕಿ ತೊಳೆದಂತೆ ಬಿಳಿ ನೀರು ಹೋಗುವವರೆಗೆ ತೊಳೆದು ತುಂಬಬೇಕು. ಆ ಹುಡಿ ಉಳಿದರೆ ಮೊದಲ ವಾರದಲ್ಲೇ ಡ್ರಿಪ್ಪರ್ ಕಟ್ಟುತ್ತದೆ. ತುಂಬಿದ ಮೇಲೆ ಮೊದಲ ಎರಡು ಬಿಂದಿಗೆ ನೀರು ಗಿಡಕ್ಕೆ. ಹೊಸ ಅಲ್ಯೂಮಿನಾ ನೀರಿನ ಪಿಎಚ್ ಏರಿಸುತ್ತದೆ.

ಏಪ್ರಿಲ್, ಮೇ: ಮೊದಲ ಸುತ್ತು

ಒಂದು ಕೆಜಿ ಅಲ್ಯೂಮಿನಾ ಸುಮಾರು 2 ಗ್ರಾಂ ಫ್ಲೋರೈಡ್ ಹಿಡಿಯುತ್ತದೆ ಅನ್ನುವುದು ಮನೆಬಳಕೆಯ ಫಿಲ್ಟರ್‌ಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ. ಅದನ್ನು ನಂಬಿದರೆ ಈ ನೀರಿಗೆ 2,000 ಲೀಟರ್ ಮೀರಿ ಬರಬೇಕು. ಬಂದದ್ದು 1,200ರ ಹತ್ತಿರ. ಮೊದಲು 0.2 ಇದ್ದ ಫಿಲ್ಟರ್ ನೀರಿನ ಫ್ಲೋರೈಡ್ ಅಷ್ಟು ಹೊತ್ತಿಗೆ 1.0 ಮುಟ್ಟಿತು. ಕೆಜಿಗೆ 1.1 ಗ್ರಾಂ ಬಿತ್ತು.

ಕಾರಣ ನೀರಿನಲ್ಲೇ ಇದೆ. ಅಲ್ಯೂಮಿನಾ ಚೆನ್ನಾಗಿ ಹಿಡಿಯುವುದು ಪಿಎಚ್ 5.5ರಿಂದ 6ರ ನಡುವೆ. 8ರ ಮೇಲೆ ಹೈಡ್ರಾಕ್ಸೈಡ್, ಬೈಕಾರ್ಬೊನೇಟ್ ಮತ್ತು ಗ್ರಾನೈಟಿನಿಂದ ಬರುವ ಸಿಲಿಕಾ ಎಲ್ಲವೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಆರ್ಸೆನಿಕ್ ಇರುವ ಕಡೆಯವರಿಗೂ ಇದು ಗೊತ್ತಿರಬೇಕು: ಆರ್ಸೆನೇಟ್ ರೂಪದಲ್ಲಿದ್ದರೆ ಅಲ್ಯೂಮಿನಾ ಅದನ್ನು ಫ್ಲೋರೈಡಿಗಿಂತ ಮೊದಲು ಹಿಡಿಯುತ್ತದೆ, ಆರ್ಸೆನೈಟ್ ರೂಪದಲ್ಲಿದ್ದರೆ ಕ್ಲೋರಿನ್ ಹಾಕಿ ಬದಲಾಯಿಸದ ಹೊರತು ಬಹುಪಾಲು ದಾಟಿ ಹೋಗುತ್ತದೆ. ಮನೆಯಲ್ಲಿ ದಿನಾ ಆಸಿಡ್ ಹಾಕಿ ಪಿಎಚ್ ಇಳಿಸುವ ದಾರಿಯನ್ನು ನಾವು ಕೈಬಿಟ್ಟಿದ್ದೇವೆ. ಮಕ್ಕಳಿರುವ ಅಡುಗೆಮನೆಯಲ್ಲಿ ಅದು ಸಲ್ಲದು. ಬದಲಿಗೆ 1,000 ಲೀಟರಿಗೆ ನಿಲ್ಲಿಸುವುದು ಎಂದು ಗೊತ್ತುಮಾಡಿದೆವು. ದಿನಕ್ಕೆ ಮೂರು ಬಿಂದಿಗೆಯಂತೆ ಅದು ಒಂದು ತಿಂಗಳ ಮೇಲೆ ಚಿಲ್ಲರೆ ದಿನ ಬರುತ್ತದೆ.

ನಿಲ್ಲಿಸುವುದು ಯಾವಾಗ ಎಂದು ಮನೆಯವರಿಗೆ ಗೊತ್ತಾಗುವುದು ಹೇಗೆ? ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಮುಗಿದ ಫಿಲ್ಟರಿನ ನೀರಿಗೂ ಹೊಸದರ ನೀರಿಗೂ ರುಚಿ, ಬಣ್ಣ, ವಾಸನೆ ಯಾವುದರಲ್ಲೂ ವ್ಯತ್ಯಾಸವಿಲ್ಲ. ನೀರು ಇಳಿಯುತ್ತಲೇ ಇರುತ್ತದೆ, ಮನೆಯವರು ನಂಬಿ ಕುಡಿಯುತ್ತಲೇ ಇರುತ್ತಾರೆ. ಗೋಡೆಗೆ ಅಂಟಿಸಿದ ಕಾರ್ಡಿನಲ್ಲಿ ಗೀಟು ಹಾಕುವುದು ಹೆಚ್ಚು ದಿನ ನಡೆಯಲಿಲ್ಲ, ಪೆನ್ನು ಕೈಗೆ ಸಿಗುವುದಿಲ್ಲ, ಒದ್ದೆ ಕೈ. ಈಗ ಕಾಲಮ್ಮಿನ ಪಕ್ಕ ಎರಡು ಡಬ್ಬಿ. ಒಂದರಲ್ಲಿ ಎಣಿಸಿ ಇಟ್ಟ 100 ಹುಣಸೆ ಬೀಜ. ಬಿಂದಿಗೆ ಸುರಿದಾಗಲೆಲ್ಲ ಒಂದು ಬೀಜ ಎತ್ತಿ ಇನ್ನೊಂದು ಡಬ್ಬಿಗೆ ಹಾಕುವುದು. ಮೊದಲ ಡಬ್ಬಿ ಖಾಲಿಯಾದರೆ ಫಿಲ್ಟರ್ ಬಂದ್. ಇದು ತಪ್ಪದೆ ನಡೆಯುತ್ತಿದೆ, ಎಷ್ಟೋ ಮನೆಯಲ್ಲಿ ಮಕ್ಕಳೇ ಈ ಕೆಲಸ ವಹಿಸಿಕೊಂಡಿದ್ದಾರೆ. ಬಿಂದಿಗೆಯನ್ನು ಮೊದಲು ಲೀಟರ್ ಮಗ್ಗಿನಲ್ಲಿ ಅಳೆಯಿರಿ. ಪ್ಲಾಸ್ಟಿಕ್ ಕೊಡಗಳು 12ರಿಂದ 15 ಲೀಟರ್ ಹಿಡಿಯುತ್ತವೆ, ಆಗ ಬೀಜದ ಲೆಕ್ಕ ಬದಲಾಗುತ್ತದೆ.

ಜೂನ್: ಅಲ್ಯೂಮಿನಾಕ್ಕೆ ಮರುಜೀವ

ಹಿಡಿದ ಫ್ಲೋರೈಡನ್ನು ಬಿಡಿಸಿ ಅಲ್ಯೂಮಿನಾವನ್ನು ಮತ್ತೆ ಬಳಸುವಂತೆ ಮಾಡುವುದನ್ನು ಮನೆಗಳಲ್ಲಿ ಮಾಡುವುದಿಲ್ಲ. ಹಾಸನ್ನು ನೈಲಾನ್ ಚೀಲಕ್ಕೆ ಸುರಿದು ಒಂದೇ ಕಡೆ ತಂದು, ಗ್ಲೌಸು, ಕನ್ನಡಕ ಹಾಕಿಕೊಂಡು ಮಾಡುವ ಕೆಲಸ. 3 ಕೆಜಿಗೆ 8 ಲೀಟರ್ ನೀರಿನಲ್ಲಿ 80 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ಚೀಲವನ್ನು ಎಂಟು ಗಂಟೆ ಮುಳುಗಿಸಿ, ಆಗಾಗ ಎತ್ತಿ ಇಳಿಸಬೇಕು. ತೆಗೆದು ಬೋರ್ ನೀರಲ್ಲಿ ತೊಳೆದು, ಮತ್ತೆ 8 ಲೀಟರ್ ನೀರಿಗೆ 87 ಮಿಲಿಲೀಟರ್ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಸೇರಿಸಿದ ದ್ರಾವಣದಲ್ಲಿ ಇನ್ನೆಂಟು ಗಂಟೆ. ಆಸಿಡನ್ನು ನೀರಿಗೆ ಹನಿಸಬೇಕು, ನೀರನ್ನು ಆಸಿಡಿಗೆ ಎಂದೂ ಅಲ್ಲ. ಬ್ಯಾಟರಿ ಅಂಗಡಿಯ ಆಸಿಡ್ ಸುಲಭಕ್ಕೆ ಸಿಗುತ್ತದೆ ಎಂದು ತರಬೇಡಿ, ಅದರಲ್ಲಿ ಸೀಸ ಇರಬಹುದು. ಕೊನೆಗೆ ತೊಳೆದ ನೀರಿನ ಪಿಎಚ್ 6.5 ದಾಟುವವರೆಗೆ ತೊಳೆಯುವುದು. ಅದಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಕರಗಿ ಬರುತ್ತದೆ. ಅದರ ಮಿತಿ 0.03, ಹೆಚ್ಚೆಂದರೆ 0.2 ಮಿಲಿಗ್ರಾಂ.

ಉಳಿದ ಕಾಸ್ಟಿಕ್ ನೀರಿನಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಅದನ್ನು ಚರಂಡಿಗೆ ಚೆಲ್ಲಿದರೆ ಮನೆಯಿಂದ ತೆಗೆದದ್ದನ್ನು ಊರಿಗೆ ಹಂಚಿದಂತೆ. ಮೊದಲು ಅದಕ್ಕೆ ಸುಣ್ಣ ಕಲಸಿ, ಆಮೇಲೆ ಬಳಸಿದ ಆಸಿಡ್ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಪಿಎಚ್ 7–8ಕ್ಕೆ ತರುತ್ತೇವೆ. ಕ್ಯಾಲ್ಸಿಯಂ ಫ್ಲೋರೈಡ್ ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರೂ ಶುದ್ಧವಲ್ಲ, ಟಾರ್ಪಾಲಿನ್ ಹಾಸಿದ ತೊಟ್ಟಿಯಲ್ಲಿ ಬಿಸಿಲಿಗೆ ಆರಿಸಬೇಕು. ಒಣಗಿದ ಪುಡಿಯನ್ನು ಸಿಮೆಂಟಿನಲ್ಲಿ ಕಲಸಿ ಅಚ್ಚು ಹಾಕಿಡುತ್ತಿದ್ದೇವೆ.

ಆರೋಗ್ಯದ ಕಡೆ

ಫ್ಲೋರೈಡಿನಿಂದ ಹಲ್ಲಿಗೆ ಬಂದ ಕಲೆ ನೋಡಿ ಫಿಲ್ಟರಿನ ಗುಣ ಅಳೆಯಲಾಗದು. ಎಂಟು ವರ್ಷದೊಳಗೆ, ಒಸಡಿನೊಳಗೆ ಎನಾಮೆಲ್ ಕಟ್ಟುವಾಗ ಕುಡಿದ ನೀರಿನ ಗುರುತು ಅದು. ಸುಣ್ಣದಂಥ ಬಿಳಿ ಗೀರು, ಹೆಚ್ಚಾದರೆ ಕಂದು ಕಲೆ, ಕುಳಿ. ಬಂದದ್ದು ಹೋಗುವುದಿಲ್ಲ. ಹಾಗಾಗಿ ಕಾಲಂಗಳನ್ನು ಮೊದಲು ಕೊಟ್ಟದ್ದು ಚಿಕ್ಕ ಮಕ್ಕಳು, ಬಸುರಿಯರು ಇರುವ ಮನೆಗಳಿಗೆ. ದೊಡ್ಡವರಲ್ಲಿ ಮೂಳೆಯ ತೊಂದರೆ ವರ್ಷಗಟ್ಟಲೆ ಕೂಡಿಕೊಂಡು ಬರುತ್ತದೆ. ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಲು, ಗದ್ದವನ್ನು ಎದೆಗೆ ತಾಗಿಸಲು, ಕೈಗಳನ್ನು ತಲೆಯ ಹಿಂದೆ ಕಟ್ಟಲು ಆಗದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತೇವೆ. ಇದು ಬರೀ ಸೂಚನೆ, ಸಂಧಿವಾತದಲ್ಲೂ ಹೀಗೇ ಆಗುತ್ತದೆ, ಎಕ್ಸ್‌ರೇ ಮತ್ತು ಮೂತ್ರದ ಫ್ಲೋರೈಡ್ ನೋಡಿ ಡಾಕ್ಟರೇ ಹೇಳಬೇಕು. ನೀರು ಬದಲಾದದ್ದು ದೇಹಕ್ಕೆ ಗೊತ್ತಾಗಿದೆಯೇ ಎಂದು ತಿಳಿಯಲು ಮೂತ್ರದ ಪರೀಕ್ಷೆಯೇ ಸರಿ. ಊಟದಲ್ಲಿ ರಾಗಿ, ಹಾಲು, ಸೊಪ್ಪು ಬಿಡಬಾರದು. ಕ್ಯಾಲ್ಸಿಯಂ ಕಡಿಮೆಯಾದ ಮಕ್ಕಳಲ್ಲಿ ಕಾಲು ಸೊಟ್ಟಗಾಗುವುದು ಹೆಚ್ಚು.

ಈ ಫಿಲ್ಟರ್ ನೈಟ್ರೇಟ್ ತೆಗೆಯುವುದಿಲ್ಲ, ರೋಗಾಣು ಕೊಲ್ಲುವುದಿಲ್ಲ. ನೈಟ್ರೇಟ್ 45 ಮಿಲಿಗ್ರಾಂ ಮೀರಿದ ಬೋರ್ ಆದರೆ ಕೂಸಿಗೆ ಪುಡಿಹಾಲು ಕಲಸಲು ಆ ನೀರು ಬೇಡವೇ ಬೇಡ.

ಈಗ ನಡೆಯುತ್ತಿರುವುದು

ಮಳೆ ಹಿಡಿಯುವ ಮುಂಚೆ ಕೆಲವು ಮನೆಗಳ ಮಾಡಿನ ಶೀಟಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟುತ್ತಿದ್ದೇವೆ. 50 ಚದರ ಮೀಟರ್ ಮಾಡಿಗೆ 600 ಮಿಲಿಮೀಟರ್ ಮಳೆ ಬಿದ್ದರೆ, ನೂರಕ್ಕೆ ಎಂಬತ್ತು ಕೈಗೆ ಸಿಕ್ಕರೂ 24,000 ಲೀಟರ್. ಅದರಲ್ಲಿ 5,000 ಲೀಟರ್ ಟ್ಯಾಂಕಿನಷ್ಟು ಹಿಡಿದರೂ ಮೂರು ಬಿಂದಿಗೆ ಲೆಕ್ಕದಲ್ಲಿ ಐದು ತಿಂಗಳು ಅಲ್ಯೂಮಿನಾಕ್ಕೆ ಕೆಲಸವಿಲ್ಲ. ಹಾಗೆ ನಿಂತಿರುವ ಕಾಲಮ್ಮಿನ ನೀರು ಪಾಚಿ ಕಟ್ಟದಂತೆ ಏನು ಮಾಡಬೇಕು ಎನ್ನುವುದು ಮುಂದಿನ ಪ್ರಯೋಗ. ಸದ್ಯಕ್ಕೆ ಪೈಪಿನ ಬಾಯಿಗೆ ಕಪ್ಪು ಮುಚ್ಚಳ ಹಾಕಿ, ವಾರಕ್ಕೆ ಒಂದು ಬಿಂದಿಗೆ ಬೋರ್ ನೀರು ಇಳಿಸಿ ಗಿಡಕ್ಕೆ ಬಿಡುತ್ತಿದ್ದೇವೆ. ಆ ಬಿಂದಿಗೆಗೂ ಬೀಜ ಹಾಕಬೇಕು, ಹಾಸು ಅದನ್ನೂ ಎಣಿಸುತ್ತದೆ.